ರುಚಿಯಮ್ಮನ ಮಗಳ ಹಲ್ಲು

“ಮುಂದಿನ ಸಲ ಒಂದೇ ಒಂದು ಹೊಸ ಕಲೆ ಕಂಡ್ರೂ ಕ್ಲಿಪ್ಪೆಲ್ಲ ಬಿಚ್ಚಿ ಮನೆಗೆ ಕಳಿಸ್ತೀನಿ. ಆಮೇಲೆ ನನ್ನನ್ನ ಬೈಬೇಡಿ,” ಎಂದರು ಹಲ್ಲಿನ ಡಾಕ್ಟರಮ್ಮ. ಹೇಳಿದ್ದು ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ ಹುಡುಗಿಗಲ್ಲ, ಪಕ್ಕದಲ್ಲಿ ಬ್ಯಾಗನ್ನು ಎದೆಗವಚಿಕೊಂಡು ನಿಂತಿದ್ದ ತಾಯಿಗೆ.

ತಾಯಿ ಬಗ್ಗಿ ನೋಡಿದಳು. ಮಗಳ ಮುಂದಿನ ಹಲ್ಲುಗಳಿಗೆ ಅಂಟಿಸಿದ್ದ ಪುಟ್ಟ ಲೋಹದ ಚೌಕಗಳ ಸುತ್ತ, ಒಸಡಿನ ಅಂಚಿನ ಉದ್ದಕ್ಕೂ, ಯಾರೋ ಅವಸರದಲ್ಲಿ ಸುಣ್ಣ ಬಳಿದ ಹಾಗೆ ಬಿಳಿ. ಹಲ್ಲು ಬೆಳ್ಳಗಿದ್ದರೆ ಒಳ್ಳೆಯದೇ ಅಲ್ಲವೇ ಎಂದು ಕೇಳಬೇಡಿ. ಆಕೆ ಮೊದಲ ಸಲ ಹಾಗೆ ಕೇಳಿ ಚೆನ್ನಾಗಿ ಬೈಸಿಕೊಂಡಿದ್ದಳು. ಗಟ್ಟಿ ಹಲ್ಲಿನ ಬಿಳಿಗೆ ಹೊಳಪಿರುತ್ತದೆ. ಇದು ಸೀಮೆಸುಣ್ಣದಂಥ ಸತ್ತ ಬಿಳಿ. ಸಿಹಿ, ಹುಳಿ ಕ್ಲಿಪ್ಪಿನ ಸಂದಿಯಲ್ಲಿ ಬೀಡುಬಿಟ್ಟು, ಹಲ್ಲಿನ ಮೇಲ್ಪದರದ ಸತ್ವವನ್ನು ಎಳೆದುಹಾಕಿದಾಗ ಮೂಡುವ ಕಲೆ. ಹಾಗೇ ಬಿಟ್ಟರೆ ಮುಂದಿನದು ತೂತು.

ಕ್ಲಿಪ್ಪು ಈಗ ಬಿಚ್ಚಿದರೆ ಏನಾಗುತ್ತದೆ ಎನ್ನುವುದು ಆಕೆಗೆ ಬಾಯಿಪಾಠವಾಗಿತ್ತು. ಉಬ್ಬಿದ ಹಲ್ಲು ಒಳಕ್ಕೆ ಸರಿಯಲು ಜಾಗ ಬೇಕೆಂದು ಮಗಳ ನಾಲ್ಕು ಗಟ್ಟಿಮುಟ್ಟಾದ ಹಲ್ಲುಗಳನ್ನು ಕಿತ್ತಾಗಿತ್ತು. ಉಳಿದವು ಅರ್ಧ ದಾರಿ ಬಂದು ನಿಂತಿದ್ದವು. ಈಗ ಬಿಟ್ಟರೆ ಅವು ಮತ್ತೆ ಮುಂದಕ್ಕೆ ಓಡುತ್ತವೆ, ಕಿತ್ತ ಕಡೆ ಸಂದಿ ಬಾಯಿಬಿಟ್ಟುಕೊಂಡೇ ಇರುತ್ತದೆ, ಮೇಲೆ ಈ ಕಲೆ. ಅಲ್ಲಿಗೆ ಅತ್ತೂ ಇಲ್ಲ, ಇತ್ತೂ ಇಲ್ಲ. ಏನೂ ಮಾಡಿಸದೆ ಇದ್ದಿದ್ದರೇ ಎಷ್ಟೋ ಚೆನ್ನಾಗಿರುತ್ತಿತ್ತು.

“ಸ್ವೀಟು, ಜ್ಯೂಸು, ಚಾಕೊಲೇಟು ಏನಾದ್ರೂ?” ಎಂದು ಕೇಳಿದರು ಡಾಕ್ಟರಮ್ಮ.

“ನಮ್ಮನೇಲಿ ಸಕ್ಕರೆ ಡಬ್ಬಾನೇ ಇಲ್ಲ ಡಾಕ್ಟ್ರೇ,” ಎಂದಳು ತಾಯಿ. ಅದು ಸುಳ್ಳಾಗಿರಲಿಲ್ಲ.

“ಸರಿಯಾಗಿ ಹಲ್ಲು ಉಜ್ತಾಳಾ?”

“ಮೂರು ಹೊತ್ತೂ. ನಾನೇ ಪಕ್ಕದಲ್ಲಿ ನಿಂತು ಉಜ್ಜಿಸ್ತೀನಿ.” ಅದೂ ಸುಳ್ಳಾಗಿರಲಿಲ್ಲ.

“ಹಾಗಾದ್ರೆ ಈ ಕಲೆ ಆಕಾಶದಿಂದ ಉದುರ್ತಾ?” ಡಾಕ್ಟರಮ್ಮ ಹುಡುಗಿಯ ಕಡೆ ತಿರುಗಿದರು. “ಏನಮ್ಮ, ಅಮ್ಮನ ಕಣ್ಣು ತಪ್ಪಿಸಿ ಏನಾದ್ರೂ ಬಾಯಿಗೆ ಹಾಕ್ಕೋತೀಯಾ?”

ಹುಡುಗಿ ತಾಯಿಯ ಮುಖ ನೋಡಿದಳು. ಆಮೇಲೆ ಚಾವಣಿ ನೋಡಿದಳು. “ಇಲ್ಲ,” ಎಂದಳು.

ತಾಯಿಗೆ ಆ ನೋಟವೇ ಸಾಕಾಯಿತು. ಕಳ್ಳಿ, ಸಿಕ್ಕಿಬಿದ್ದಳು ಎಂದುಕೊಂಡಳು.

ಈ ತಾಯಿಗೆ ಒಂದು ಹೆಸರಿತ್ತು, ಇರದೆ ಏನು. ಆದರೆ ಷರಬತ್ತಿನ ಕಾರ್ಖಾನೆಯಲ್ಲಿ ಕಸ ಗುಡಿಸುವವಳಿಂದ ಹಿಡಿದು ಯಜಮಾನರವರೆಗೆ ಎಲ್ಲರಿಗೂ ಆಕೆ ರುಚಿಯಮ್ಮ. ಕಿತ್ತಳೆ, ನಿಂಬೆ, ದ್ರಾಕ್ಷಿಯ ಷರಬತ್ತು ಅಲ್ಲಿ ಆಳುದ್ದದ ಉಕ್ಕಿನ ತೊಟ್ಟಿಗಳಲ್ಲಿ ಕುದಿಯುತ್ತಿತ್ತು. ಮಧ್ಯಾಹ್ನ ಕುದಿಸಿ ಇಳಿಸಿದ್ದು ರಾತ್ರಿಯಿಡೀ ತಣಿಯಬೇಕು. ಬೆಳಗ್ಗೆ ರುಚಿಯಮ್ಮ ಬಂದು, ಉದ್ದ ಹಿಡಿಯ ಚಮಚದಲ್ಲಿ ಒಂದೊಂದು ತೊಟ್ಟಿಯಿಂದಲೂ ಗುಟುಕು ತೆಗೆದು, ಹಲ್ಲಿನ ಸಂದಿಯಿಂದ ಸೊರ್ರೆಂದು ಎಳೆದು, ಪಕ್ಕದ ಬಕೆಟ್ಟಿಗೆ ಉಗುಳಿ, ‘ಹ್ಞೂಂ’ ಎಂದರೆ ಷರಬತ್ತು ಸೀಸೆಗೆ. ‘ಊಹೂಂ’ ಎಂದರೆ ಇಡೀ ತೊಟ್ಟಿ ಚರಂಡಿಗೆ. ಸಕ್ಕರೆ ಅಳೆಯಲು, ಹುಳಿ ಅಳೆಯಲು ಯಂತ್ರಗಳಿದ್ದವು. ಆದರೆ ಪಾಕ ತಳ ಹಿಡಿದದ್ದು, ಸಿಪ್ಪೆಯ ಕಹಿ ಇಳಿದದ್ದು, ಒಳಗೊಳಗೇ ಹುಳಿತು ಕೆಡಲು ಶುರುವಾದದ್ದು ಯಂತ್ರಕ್ಕೆ ಎಲ್ಲಿ ತಿಳಿಯಬೇಕು! ಅದಕ್ಕೆ ನಾಲಿಗೆಯೇ ಬೇಕು.

ಆ ಕೆಲಸ ಆಕೆಗೆ ಅಪ್ಪನಿಂದ ಬಂದದ್ದು. ಅಪ್ಪ ಬಿಟ್ಟುಹೋದ ಆಸ್ತಿಯೆಂದರೆ ನಾಲಿಗೆ, ಮತ್ತು ಅದನ್ನು ಕಾಯುವ ಕಟ್ಟುಪಾಡು. ರುಚಿ ನೋಡುವವರ ಮನೆಯಲ್ಲಿ ಪೇಸ್ಟ್ ಇರಕೂಡದು, ಅದರ ತಂಪು ನಾಲಿಗೆಗೆ ಕಂಬಳಿ ಹೊದಿಸುತ್ತದೆ. ಬರಿ ಬ್ರಷ್ಷು, ಬರಿ ನೀರು. ಗುಟುಕು ಉಗುಳಿದ ಮೇಲೆ ಬಾಯಿ ಮುಕ್ಕಳಿಸಕೂಡದು. ಷರಬತ್ತಿನ ದೋಷ ಇರುವುದು ಬಾಲದಲ್ಲಿ, ಅಂದರೆ ಕಟ್ಟಕಡೆಗೆ ಉಳಿಯುವ ರುಚಿಯಲ್ಲಿ. ಅದು ಬರುವ ತನಕ ಬಾಯಿ ಮುಚ್ಚಿಕೊಂಡು ಕಾಯಬೇಕು. ಇನ್ನು ಉಗುಳಿದ್ದು ಯಾವತ್ತೂ ತಿಂದ ಲೆಕ್ಕಕ್ಕೆ ಬರುವುದಿಲ್ಲ. ದಿನಾ ಬಕೆಟ್ಟುಗಟ್ಟಲೆ ಉಗುಳುತ್ತಿದ್ದ ಮನುಷ್ಯ “ನಾನು ಸಿಹಿ ಮುಟ್ಟೋನೇ ಅಲ್ಲ” ಎಂದು ಎದೆ ತಟ್ಟಿ ಹೇಳುತ್ತಿದ್ದ. ಸಾಯುವ ಹೊತ್ತಿಗೆ ಅವನ ಬಾಯಲ್ಲಿ ಹಲ್ಲು ಎಷ್ಟು ಉಳಿದಿದ್ದವು ಎಂದು ಮಾತ್ರ ಯಾರೂ ಕೇಳಲಿಲ್ಲ.

ಗಂಡ ಅನ್ನಿಸಿಕೊಂಡವನು ಎಂದೋ ಇನ್ನೊಂದು ಊರಲ್ಲಿ ಇನ್ನೊಂದು ಒಲೆ ಹೂಡಿದ್ದ. ಅವನ ಸುದ್ದಿ ಎತ್ತಿ ನಾವೇಕೆ ಬಾಯಿ ಹೊಲಸು ಮಾಡಿಕೊಳ್ಳಬೇಕು, ಬಿಡಿ. ತಾಯಿ, ಮಗಳು, ಒಂದು ಕೋಣೆ, ಒಂದು ಅಡುಗೆಮನೆ, ಕಿಟಕಿಯಾಚೆ ಲಾರಿ ನಿಲ್ಲಿಸುವ ಅಂಗಳ. ನಾಲಿಗೆ ಇಬ್ಬರ ಹೊಟ್ಟೆ ಹೊರೆಯುತ್ತಿತ್ತು. ಯಾರಿಗೂ ಕೈಯೊಡ್ಡುವ ಪರಿಸ್ಥಿತಿ ಬಂದಿರಲಿಲ್ಲ.

ಹೋದ ವರ್ಷ ಆಕೆಗೆ ಒಂದು ಜ್ವರ ಬಂತು. ವಾರ ಮಲಗಿಸಿ ಜ್ವರ ಹೋಯಿತು. ಹೋಗುವಾಗ ನಾಲಿಗೆಯನ್ನೂ ಗಂಟುಕಟ್ಟಿಕೊಂಡು ಹೋಯಿತು. ಸಿಹಿ ಸಿಹಿ ಅಂತ, ಹುಳಿ ಹುಳಿ ಅಂತ ಗೊತ್ತಾಗುತ್ತಿತ್ತು. ಅಷ್ಟು ಯಾರಿಗೆ ತಾನೇ ಗೊತ್ತಾಗುವುದಿಲ್ಲ? ನಡುವಿನ ಸೂಕ್ಷ್ಮವೆಲ್ಲ ಅಳಿಸಿಹೋಗಿತ್ತು. ಕೆಲಸಕ್ಕೆ ಮರಳಿದ ಮೊದಲ ದಿನ ತೊಟ್ಟಿಗಳ ಮುಂದೆ ನಿಂತು ಆಕೆ ಸುಮ್ಮನೆ ‘ಹ್ಞೂಂ, ಹ್ಞೂಂ, ಹ್ಞೂಂ’ ಎಂದಳು, ಕುರುಡಿ ರಸ್ತೆ ದಾಟಿದ ಹಾಗೆ. ಅವತ್ತು ದೇವರು ದೊಡ್ಡವನು, ಎಲ್ಲ ಸರಿಯಾಗಿತ್ತು. ನಾಳೆಯ ಗತಿ ಏನು?

ಸಂಜೆ ಪುಟ್ಟ ಸೀಸೆಗಳಲ್ಲಿ ಆ ದಿನದ ಪಾಕವನ್ನು ಮನೆಗೆ ತಂದು, ಒಲೆಯ ಪಕ್ಕ ಕೂತು, ಮತ್ತೆ ಮತ್ತೆ ನಾಲಿಗೆಯ ಮೇಲೆ ಹೊರಳಿಸಿದಳು. ಗೋಡೆ ನೆಕ್ಕಿದಂತಿತ್ತು. ಆಗ ಶಾಲೆಯ ಚೀಲ ಇಳಿಸಿ ಬಂದ ಮಗಳು ಒಂದು ಸೀಸೆ ಎತ್ತಿ ಗುಟುಕು ಹೀರಿ, ಉಗುಳಿ, ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು: “ಅಮ್ಮ, ಇದು ತಳ ಹಿಡಿದಿದೆ. ಕೊನೇಲಿ ಬರುತ್ತೆ ನೋಡು, ಸುಟ್ಟ ಬ್ರೆಡ್ ಥರ.”

ಮರುದಿನ ಬೆಳಗ್ಗೆ ಆ ತೊಟ್ಟಿಗೆ ರುಚಿಯಮ್ಮ ‘ಊಹೂಂ’ ಎಂದಳು. ಬಗ್ಗಿಸಿ ನೋಡಿದರೆ ತಳದಲ್ಲಿ ಕಪ್ಪು ಪದರ. ಕಾರ್ಖಾನೆಯವರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಅಂದಿನಿಂದ ಸೀಸೆಗಳು ದಿನಾ ಸಂಜೆ ಬ್ಯಾಗಿನಲ್ಲಿ ಮನೆಗೆ ಬಂದವು, ಮಗಳ ತೀರ್ಪು ದಿನಾ ಬೆಳಗ್ಗೆ ತಾಯಿಯ ಬಾಯಲ್ಲಿ ಕಾರ್ಖಾನೆಗೆ ಹೋಯಿತು. ಪಾಠ ಎಂದು ಅದಕ್ಕೆ ಹೆಸರಿಟ್ಟುಕೊಂಡರು. ಪಾಠವೂ ಹೌದು. ಆದರೆ ಹೊಟ್ಟೆಪಾಡು ಮೊದಲು, ಪಾಠ ಆಮೇಲೆ. ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಆಡಲಿಲ್ಲ.

ಕ್ಲಿಪ್ಪು ಹಾಕಿಸಿದ್ದು ಅದಾದ ಸ್ವಲ್ಪ ದಿನಕ್ಕೆ. ಓಣಿಯ ಮಕ್ಕಳು ಅವಳನ್ನು ಅಳಿಲು ಎನ್ನುತ್ತಿದ್ದರು. ಮುಂದಿನ ಹಲ್ಲು ಎಷ್ಟು ಮುಂದಕ್ಕಿದ್ದವೆಂದರೆ ತುಟಿ ಕೂಡುತ್ತಿರಲಿಲ್ಲ, ಅನ್ನ ಅಗಿಯುವಾಗ ಕೆಳತುಟಿ ಕಚ್ಚಿಕೊಂಡು ರಕ್ತ ಬರುತ್ತಿತ್ತು. “ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು,” ಎಂದು ಪಕ್ಕದ ಮನೆಯಾಕೆ ಮೂತಿ ತಿರುವಿದಳು. “ನಿನ್ನ ಹೊಟ್ಟೆ ಉರೀಲಿ,” ಎಂದು ರುಚಿಯಮ್ಮ ಮನಸ್ಸಿನಲ್ಲೇ ಹೇಳಿ ಮಗಳ ಕೈ ಹಿಡಿದು ಹೊರಟಳು. ಮೊದಲ ದಿನ ಡಾಕ್ಟರಮ್ಮ ಒಂದು ಬ್ರಷ್ಷು, ತಂತಿಯ ಕೆಳಗೆ ತೂರಿಸುವ ಒಂದು ಪುಟಾಣಿ ಬ್ರಷ್ಷು, ಒಂದು ಫ್ಲೋರೈಡ್ ಪೇಸ್ಟ್ ಕೊಟ್ಟರು. ಬ್ರಷ್ಷುಗಳು ಬಚ್ಚಲಿಗೆ ಹೋದವು. ಪೇಸ್ಟ್ ಕಪಾಟಿನ ಮೇಲಿನ ಅರೆಗೆ ಹೋಯಿತು. ಉಜ್ಜುವುದು ಬ್ರಷ್ಷು ತಾನೇ, ನೊರೆಯ ಸೋಗು ಯಾಕೆ ಎಂಬುದು ಅಪ್ಪನ ಕಾಲದ ಮಾತು.

ಈಗ ಡಾಕ್ಟರಮ್ಮನ ಬೆದರಿಕೆ ಕೇಳಿ ಬಂದ ಮೇಲೆ ರುಚಿಯಮ್ಮನಿಗೆ ನಿದ್ದೆ ಹತ್ತಲಿಲ್ಲ. ಮಗಳು ಕದ್ದು ತಿನ್ನುತ್ತಿದ್ದಾಳೆ, ಇನ್ನೇನು? ಅಂದಿನಿಂದ ಮನೆ ಪೊಲೀಸ್ ಠಾಣೆಯಾಯಿತು. ಶಾಲೆಯ ಚೀಲ ಜಾಲಾಡಿದಳು. ದಿಂಬಿನ ಕೆಳಗೆ ಕೈಯಾಡಿಸಿದಳು. ಶಾಲೆಯ ಎದುರಿನ ಅಂಗಡಿಯವನ ಮುಂದೆ ನಿಂತು, “ಉಬ್ಬುಹಲ್ಲಿನ ಹುಡುಗಿ, ಕ್ಲಿಪ್ ಹಾಕ್ಕೊಂಡಿದಾಳಲ್ಲ, ಏನೇನು ತಗೋತಾಳೆ?” ಎಂದು ಕೇಳಿದಳು. “ಪೆನ್ಸಿಲ್ ತಗೋತಾಳೆ ತಾಯಿ,” ಎಂದ ಅವನು. ಬೆಳಗ್ಗೆ, ಸಂಜೆ, ರಾತ್ರಿ ಬಚ್ಚಲ ಬಾಗಿಲಲ್ಲಿ ನಿಂತು, ಕಣ್ಣಲ್ಲಿ ಕಣ್ಣಿಟ್ಟು, “ಇನ್ನೂ ಉಜ್ಜು, ಮೂಲೆ ಉಜ್ಜು” ಎಂದು ಒಸಡು ಕೆಂಪಾಗುವ ತನಕ ಉಜ್ಜಿಸಿದಳು. ಆಮೇಲೆ ಬೆಳಕಿಗೆ ಹಿಡಿದು ನೋಡಿದರೆ ಬಿಳಿ ಇದ್ದಲ್ಲೇ ಇತ್ತು. ಅಷ್ಟೇ ಅಲ್ಲ, ಹಬ್ಬುತ್ತಿತ್ತು.

ಅದು ಹಣ್ಣಿನ ಸುಗ್ಗಿ. ಕಾರ್ಖಾನೆಯಲ್ಲಿ ತೊಟ್ಟಿಗಳು ಇಮ್ಮಡಿಯಾಗಿದ್ದವು, ಸಂಜೆಯ ಸೀಸೆಗಳೂ ಇಮ್ಮಡಿಯಾದವು. ಮಗಳು ಮೇಜಿನ ಮುಂದೆ ಕೂತು ಒಂದೊಂದನ್ನೇ ಹೀರಿ, ಎಳೆದು, ಉಗುಳಿ, ಬಾಲ ಬರುವುದನ್ನು ಕಾಯುತ್ತ ಬಾಯಿ ಮುಚ್ಚಿಕೊಂಡೇ ಲೆಕ್ಕ ಮಾಡುತ್ತಿದ್ದಳು. ತಾಯಿ ಎದುರಿಗೆ ಕೂತು ಅವಳ ಹುಬ್ಬು ನೋಡುತ್ತಿದ್ದಳು. ಹುಬ್ಬು ಗಂಟಿಕ್ಕಿದರೆ ನಾಳೆ ಆ ತೊಟ್ಟಿಗೆ ‘ಊಹೂಂ’.

ಒಂದು ಸಂಜೆ ಕಾರ್ಖಾನೆಯಿಂದ ಬಂದವಳೇ ಚೀಲ ಜಾಲಾಡಿದಾಗ ಮಗಳ ಕಂಪಾಸ್ ಪೆಟ್ಟಿಗೆಯಲ್ಲಿ ಮಿರಿಮಿರಿ ಮಿಂಚುವ ಚಾಕೊಲೇಟ್ ಕಾಗದ ಸಿಕ್ಕಿತು. ಆಟಕ್ಕೆ ಹೋಗಿದ್ದ ಮಗಳು ಬಾಗಿಲು ದಾಟಿ ಒಳಗೆ ಕಾಲಿಡುತ್ತಿದ್ದಂತೆ ರುಚಿಯಮ್ಮ ಕೆನ್ನೆಗೆ ಬಾರಿಸಿದಳು.

“ಇದೇನೇ ಇದು? ನನ್ನ ರಕ್ತ ಹೀರಿ ಹುಟ್ಟಿದವಳೇ, ನಾಲ್ಕು ಹಲ್ಲು ಕಿತ್ತು ಮಣ್ಣಿಗೆ ಹಾಕಿದೀನಿ ನಿನಗೋಸ್ಕರ!”

“ಅದು ಗೆಳತಿ ಕೊಟ್ಟಿದ್ದು ಅಮ್ಮ. ಪುಸ್ತಕದಲ್ಲಿ ಗುರುತಿಗೆ ಇಡೋಕೆ. ತಿಂದಿದ್ದು ಅವಳು.”

“ಸುಳ್ಳು ಬೊಗಳ್ಬೇಡ. ಹಾಗಾದ್ರೆ ಕಲೆ ಎಲ್ಲಿಂದ ಬರುತ್ತೆ? ಹೇಳು, ಎಲ್ಲಿಂದ ಬರುತ್ತೆ?”

ಮಗಳು ಬಾಯಿ ತೆರೆದಳು. ಏನೋ ಹೇಳುವವಳಿದ್ದಳು. ತಾಯಿ ಭುಜಕ್ಕೆ ನೇತುಹಾಕಿಕೊಂಡಿದ್ದ ಬ್ಯಾಗನ್ನು ನೋಡಿದಳು, ಒಳಗೆ ಸೀಸೆಗಳು ಕಿಣಿಕಿಣಿ ಎನ್ನುತ್ತಿದ್ದವು. ಬಾಯಿ ಮುಚ್ಚಿಕೊಂಡಳು.

“ತಪ್ಪಾಯ್ತು,” ಎಂದಳು. “ಇನ್ಮೇಲೆ ತಿನ್ನಲ್ಲ.”

ಒಪ್ಪಿಕೊಂಡಳಲ್ಲ ಎಂದು ರುಚಿಯಮ್ಮನಿಗೆ ಸಮಾಧಾನವೇ ಆಯಿತು ನೋಡಿ. ಎಂಥ ಸಮಾಧಾನ! ಮಗಳ ಕೆನ್ನೆಯ ಮೇಲೆ ಬೆರಳುಗಳ ಗುರುತು ಇನ್ನೂ ಇರುವಾಗಲೇ ಸೀಸೆಗಳು ಮೇಜಿನ ಮೇಲೆ ಬಂದವು. ಹುಡುಗಿ ಮುಖ ತೊಳೆದು ಬಂದು ಕೂತು, ಮೊದಲನೆಯದನ್ನು ಎತ್ತಿಕೊಂಡಳು.

ಡಾಕ್ಟರಮ್ಮ ಹೇಳಿದ ದಿನ ಬಂತು. ಕಾರ್ಖಾನೆಯಿಂದ ಬೇಗ ಹೊರಟು, ಅಂದಿನ ಸೀಸೆಗಳನ್ನೂ ಬ್ಯಾಗಿಗೆ ಹಾಕಿಕೊಂಡು, ಶಾಲೆಯಿಂದಲೇ ಮಗಳನ್ನು ಕರೆದುಕೊಂಡು ಹೋದಳು. ದೀಪದ ಕೆಳಗೆ ಬಾಯಿ ತೆರೆಯಿತು. ಡಾಕ್ಟರಮ್ಮ ಪುಟ್ಟ ಕನ್ನಡಿ ಆಡಿಸಿ, ಗಾಳಿ ಊದಿ, ಹಲ್ಲು ಒಣಗಿಸಿ ನೋಡಿದರು. ತಟ್ಟೆಯಿಂದ ಒಂದು ಇಕ್ಕಳ ಎತ್ತಿಕೊಂಡರು.

“ಯಾಕೆ, ಯಾಕೆ ಡಾಕ್ಟ್ರೇ?” ರುಚಿಯಮ್ಮ ಮುಂದಕ್ಕೆ ನುಗ್ಗಿದಳು.

“ಹೊಸದು ಬಂದಿದೆ. ಎರಡು ಕಡೆ ಮೇಲ್ಪದರ ಒಡೆದು ತೂತಾಗೋಕೆ ಶುರುವಾಗಿದೆ. ನಾನು ಹೇಳಿದ್ದೆ ತಾನೇ? ಅಂದ ಮಾಡೋಕೆ ಹೋಗಿ ಹಲ್ಲೇ ಕಳೆಯೋದು ನನ್ನ ಕೈಲಾಗಲ್ಲ.”

“ಬಿಚ್ಚಬೇಡಿ ತಾಯಿ! ನಿಮ್ಮ ಕಾಲಿಗೆ ಬೀಳ್ತೀನಿ. ಈಗ ಬಿಟ್ರೆ ಅವಳ ಬಾಳು ಹಾಳಾಗಿ ಹೋಗುತ್ತೆ. ಹೊಡೆದೂ ನೋಡಿದೀನಿ, ಬಡಿದೂ ನೋಡಿದೀನಿ, ಇನ್ನೇನು ಮಾಡ್ಲಿ ಹೇಳಿ,” ಎಂದು ಆಕೆ ಡಾಕ್ಟರಮ್ಮನ ಕೈಯನ್ನೇ ಹಿಡಿದುಕೊಂಡಳು.

‘ಹೊಡೆದು’ ಎಂಬ ಮಾತಿಗೆ ಡಾಕ್ಟರಮ್ಮ ಇಕ್ಕಳ ಕೆಳಗಿಟ್ಟರು. ಚಕ್ರದ ಸ್ಟೂಲನ್ನು ಹುಡುಗಿಯ ಹತ್ತಿರಕ್ಕೆ ಎಳೆದುಕೊಂಡರು. “ಬೆಳಗ್ಗೆ ಎದ್ದಾಗಿನಿಂದ ಮಲಗೋವರೆಗೆ ಬಾಯಿಗೆ ಏನೇನು ಹೋಗುತ್ತೆ, ಎಲ್ಲ ಹೇಳಮ್ಮ,” ಎಂದರು. ಹುಡುಗಿ ತಿಂಡಿ ಹೇಳಿದಳು, ಊಟ ಹೇಳಿದಳು, ಶಾಲೆಯ ನೀರಿನ ಬಾಟಲಿ ಹೇಳಿದಳು, ರಾತ್ರಿಯ ಊಟಕ್ಕೆ ಹಾರಿದಳು.

“ಉಜ್ಜೋದು ಯಾವ ಪೇಸ್ಟಲ್ಲಿ? ನಾನು ಕೊಟ್ಟಿದ್ದರಲ್ಲೇ ತಾನೇ?”

ತಾಯಿಯೇ ಉತ್ತರ ಕೊಟ್ಟಳು. “ಪೇಸ್ಟ್ ನಮಗೆ ಆಗಲ್ಲ ಡಾಕ್ಟ್ರೇ. ರುಚಿ ನೋಡೋರ ಮನೆ ನಮ್ಮದು. ನಾಲಿಗೆ ಕೆಟ್ರೆ ಸಂಜೆ ಅವಳಿಗೆ…”

“ಅಮ್ಮ, ಸುಮ್ನಿರು!” ಎಂದಳು ಮಗಳು.

“ಸಂಜೆ ಅವಳಿಗೆ ಏನು?” ಎಂದರು ಡಾಕ್ಟರಮ್ಮ.

“ಅಯ್ಯೋ, ಅದು ತಿನ್ನೋದಲ್ಲ, ಕೆಲಸ. ಷರಬತ್ತು ಬಾಯಿಗೆ ಹಾಕ್ಕೊಂಡು ಉಗುಳ್ತಾಳೆ ಅಷ್ಟೇ. ಒಂದು ಹನಿ ನುಂಗಲ್ಲ, ಬೇಕಾದ್ರೆ ಆಣೆ ಮಾಡ್ತೀನಿ. ಹಲ್ಲಿನ ಸಂದಿಯಿಂದ ಎಳೀಬೇಕು, ಆಮೇಲೆ ಬಾಯಿ ತೊಳೀಬಾರದು, ಬಾಲ ಬರೋವರೆಗೆ…” ಹೇಳುತ್ತ ಹೇಳುತ್ತ ರುಚಿಯಮ್ಮನ ದನಿ ತಗ್ಗಿತು. ತನ್ನ ಬಾಯಿಂದ ಬರುತ್ತಿದ್ದ ಮಾತನ್ನು ತಾನೇ ಮೊದಲ ಸಲ ಕೇಳಿಸಿಕೊಂಡವಳ ಹಾಗೆ ನಿಂತುಬಿಟ್ಟಳು.

“ಉಗುಳಿದ್ರೆ ಹೊಟ್ಟೆಗೆ ಹೋಗಲ್ಲ, ನಿಜ,” ಎಂದರು ಡಾಕ್ಟರಮ್ಮ ಮೆಲ್ಲಗೆ. “ಹಲ್ಲು ಹೊಟ್ಟೇಲಿದ್ಯೇನಮ್ಮ?”

ರುಚಿಯಮ್ಮ ಸೀಸೆಗಳಿದ್ದ ಬ್ಯಾಗಿನತ್ತ ನೋಡಿದಳು. ದಿನಾ ಸಂಜೆ, ಸುಗ್ಗಿಯಲ್ಲಿ ಎರಡರಷ್ಟು, ಸಕ್ಕರೆ ಮತ್ತು ಹುಳಿಯ ಮಂದಪಾಕವನ್ನು ತನ್ನ ಕೈಯಾರೆ ಸೀಸೆಗೆ ತುಂಬಿ ತಂದು, ಆ ಕ್ಲಿಪ್ಪುಗಳ ಮೇಲೆ ಹರಿಸಿ, ತೊಳೆಯಬೇಡ ಎಂದು ಕಾವಲು ಕೂತವಳು ತಾನು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಮೇಯ್ದದ್ದು ಸಾಲದೆ ಹೊಲಕ್ಕೇ ಹೊಡೆದಿತ್ತು. ಹಾಳಾಗಿ ಹೋಗಲಿ ಈ ಜನ್ಮ ಎಂದು ಆಕೆಗೆ ಅನ್ನಿಸಿತು.

ಡಾಕ್ಟರಮ್ಮ ಅಂದು ಕ್ಲಿಪ್ಪು ಬಿಚ್ಚಲಿಲ್ಲ. ಹಲ್ಲುಗಳನ್ನು ಒರೆಸಿ ಫ್ಲೋರೈಡಿನ ಅಂಟು ಬಳಿದರು. ಇವತ್ತಿನಿಂದ ಒಂದು ಹನಿ ಷರಬತ್ತೂ ಬಾಯಿಗೆ ಬೀಳಬಾರದು, ದಿನಕ್ಕೆರಡು ಸಲ ಪೇಸ್ಟ್ ಹಚ್ಚಿಯೇ ಉಜ್ಜಬೇಕು, ಪುಟಾಣಿ ಬ್ರಷ್ಷು ಒಂದೊಂದು ಕ್ಲಿಪ್ಪಿನ ಸುತ್ತಲೂ ತಿರುಗಬೇಕು, ಏನು ತಿಂದರೂ ತಕ್ಷಣ ನೀರಲ್ಲಿ ಮುಕ್ಕಳಿಸಬೇಕು ಎಂದರು.

“ಈಗ ಇರೋ ಕಲೆ ಹೋಗುತ್ತಾ?” ಎಂದಳು ರುಚಿಯಮ್ಮ.

“ಕೆಲವು ಮಾಸಬಹುದು. ಎಲ್ಲ ಹೋಗುತ್ತೆ ಅಂತ ಸುಳ್ಳು ಹೇಳಲ್ಲ. ತೂತಾಗಿರೋ ಎರಡಕ್ಕೆ ಸಿಮೆಂಟು ತುಂಬಬೇಕು.”

ಬಸ್ ನಿಲ್ದಾಣದ ಕಬ್ಬಿಣದ ಬೆಂಚಿನ ಮೇಲೆ ಇಬ್ಬರೂ ಕೂತರು. ಒಂದು ಬಸ್ಸು ಬಂತು, ಹೋಯಿತು. ಯಾರೂ ಏಳಲಿಲ್ಲ.

“ನಿನಗೆ ಗೊತ್ತಿತ್ತು,” ಎಂದಳು ತಾಯಿ.

“ಹ್ಞೂಂ.”

“ಯಾವಾಗಿಂದ?”

“ಮೊದಲಿಂದ. ಡಾಕ್ಟ್ರ ಗೋಡೆ ಮೇಲೆ ಚಿತ್ರ ಇದೆಯಲ್ಲ, ಏನೇನು ಕುಡೀಬಾರದು ಅಂತ. ಷರಬತ್ತೇ ಮೊದಲು.”

“ಮತ್ತೆ ಹೊಡೆಸ್ಕೊಂಡ್ಯಲ್ಲೇ! ತಿನ್ನದೇ ಇದ್ದಿದ್ದನ್ನ ತಿಂದೆ ಅಂತ ಯಾಕೆ ಒಪ್ಕೊಂಡೆ?”

“ಹೇಳಿದ್ರೆ ನೀನು ನಿಲ್ಲಿಸಿಬಿಡ್ತಿದ್ದೆ. ನಿಲ್ಲಿಸಿದ್ರೆ ಕಾರ್ಖಾನೆಯವರಿಗೆ ನಿನ್ನ ನಾಲಿಗೆ ವಿಷಯ ಗೊತ್ತಾಗ್ತಿತ್ತು. ಆಮೇಲೆ ನಮಗೆ ಯಾರಿದಾರೆ?” ಹುಡುಗಿ ಶೂಸಿನ ತುದಿಯಿಂದ ನೆಲ ಕೆರೆದಳು. “ಹಲ್ಲು ತಾನೇ ಅಂದ್ಕೊಂಡೆ. ಹೋದ್ರೆ ಹೋಗ್ಲಿ.”

ರುಚಿಯಮ್ಮನಿಗೆ ಅಳು ಬಂದಿದ್ದರೆ ಒಳ್ಳೆಯದಿತ್ತು, ಬರಲಿಲ್ಲ. ಮಗಳು ಆಕೆಯ ಬ್ಯಾಗಿಗೆ ಕೈ ಹಾಕಿ ಒಂದು ಸೀಸೆ ತೆಗೆದಳು. “ಇವತ್ತೊಂದಿನ ಅಮ್ಮ. ನಾಳೆಗೆ ಬೇಕಲ್ಲ ನಿನಗೆ. ಆಮೇಲೆ ಏನಾದ್ರೂ ಯೋಚನೆ ಮಾಡೋಣ.” ತಾಯಿ ಅದನ್ನು ಕಸಿದುಕೊಂಡ ರಭಸಕ್ಕೆ ಪಕ್ಕದಲ್ಲಿದ್ದವರು ತಿರುಗಿ ನೋಡಿದರು.

ಮರುದಿನ ಬೆಳಗ್ಗೆ ಆಕೆ ತೊಟ್ಟಿಗಳ ಮುಂದೆ ನಿಂತಳು. ಚಮಚ ಅದ್ದಿದಳು, ಹೀರಿದಳು, ಎಳೆದಳು, ಉಗುಳಿದಳು, ಕಾದಳು. ಬಾಲ ಬರಲಿಲ್ಲ. ಸೀಸೆ ತುಂಬುವವರು ಕೈಕಟ್ಟಿ ಆಕೆ ‘ಹ್ಞೂಂ’ ಎನ್ನುವುದನ್ನೇ ಕಾಯುತ್ತಿದ್ದರು. ಚಮಚವನ್ನು ತೊಟ್ಟಿಯ ಅಂಚಿಗೆ ಒರಗಿಸಿ ಆಕೆ ನೇರ ಯಜಮಾನರ ಕೋಣೆಗೆ ಹೋದಳು.

“ನನ್ನ ನಾಲಿಗೆ ಸತ್ತು ವರ್ಷ ಆಯ್ತು,” ಎಂದಳು, ನಿಂತುಕೊಂಡೇ.

ಯಜಮಾನರು ಕನ್ನಡಕ ಹಣೆಗೇರಿಸಿದರು. “ಏನು ತಮಾಷೆ ರುಚಿಯಮ್ಮ? ವರ್ಷದಲ್ಲಿ ಒಂದು ತೊಟ್ಟೀನೂ ತಪ್ಪಿಲ್ಲ ನೀವು.”

“ಅದು ನನ್ನ ಮಗಳು.”

ಆಕೆ ಎಲ್ಲ ಹೇಳಿದಳು. ಮುಖಕ್ಕೆ ಹೊಡೆದ ಹಾಗೆ ಈಗಲೇ ಹೊರಡು ಎನ್ನುತ್ತಾರೆ ಎಂದು ಹಲ್ಲು ಕಚ್ಚಿ ನಿಂತಿದ್ದಳು. ಯಜಮಾನರು ಕೆಟ್ಟವರಲ್ಲ. ನಕ್ಕರು.

“ಅಷ್ಟೇ ತಾನೇ? ನಾನೇನೋ ಅಂದ್ಕೊಂಡೆ. ಈಗ ನಡೀತಿರೋ ಹಾಗೇ ನಡೀಲಿ ಬಿಡಿ. ಸೀಸೆ ಮನೆಗೆ ತಗೊಂಡು ಹೋಗಿ, ಹುಡುಗಿ ನೋಡ್ಲಿ, ನೀವು ಬಂದು ಹೇಳಿ. ನಾನು ಯಾರ ಹತ್ರಾನೂ ಬಾಯಿ ಬಿಡಲ್ಲ. ಅವಳ ಓದು ಮುಗಿದ ಮೇಲೆ ಕುರ್ಚಿ ಅವಳದೇ. ಇನ್ನೇನು ಬೇಕು?”

ಇನ್ನೇನು ಬೇಕು! ಜ್ವರ ಬಿಟ್ಟ ದಿನದಿಂದ ಆಕೆ ಹಗಲಿರುಳು ಬೇಡಿಕೊಂಡದ್ದು ಇದನ್ನೇ. ಒಂದು ಗಳಿಗೆ ಮನಸ್ಸು ಜಾರಿತು, ಸುಳ್ಳೇಕೆ ಹೇಳಬೇಕು. ಸುಗ್ಗಿ ಮುಗಿಯುತ್ತ ಬಂತು, ತೊಟ್ಟಿ ಕಡಿಮೆಯಾಗುತ್ತವೆ, ಗುಟುಕು ಸಣ್ಣದು ಮಾಡಿಸಿದರೆ, ಕೂಡಲೇ ಬಾಯಿ ತೊಳೆಸಿದರೆ, ಡಾಕ್ಟರಮ್ಮನಿಗೆ ಹೇಳದೆ ಇದ್ದರೆ… ಅಷ್ಟರಲ್ಲಿ ‘ಹಲ್ಲು ತಾನೇ, ಹೋದ್ರೆ ಹೋಗ್ಲಿ’ ಎಂದ ಆ ದನಿ ಕಿವಿಯಲ್ಲಿ ಕೇಳಿಸಿತು. ಕೇಳಿದರೆ ಹುಡುಗಿ ಇವತ್ತೂ ಒಪ್ಪುತ್ತಾಳೆ, ನಾಳೆಯೂ ಒಪ್ಪುತ್ತಾಳೆ. ಅದೇ ಆಕೆಗೆ ಹೆದರಿಕೆಯಾಯಿತು.

“ಇಲ್ಲ,” ಎಂದಳು. “ಅವಳ ಬಾಯಿ ನಿಮಗೂ ಇಲ್ಲ, ನನಗೂ ಇಲ್ಲ.”

“ದುಡುಕಬೇಡಿ. ನೀವು ಬಿಟ್ರೆ ನಿಮಗೆ ಕೊಡೋಕೆ ನನ್ನ ಹತ್ರ ಇರೋದು ಸೀಸೆ ತೊಳೆಯೋ ಕೆಲಸ ಒಂದೇ. ಈ ವಯಸ್ಸಲ್ಲಿ ವಾಷಿಂಗ್ ಸೋಡಾ ನೀರಲ್ಲಿ ಕೈ ಇಟ್ಕೊಂಡು ನಿಲ್ತೀರಾ?”

“ನಿಲ್ತೀನಿ.”

ಸಂಜೆ ಮನೆಗೆ ಬಂದಾಗ ಬೆರಳ ತುದಿಗಳು ಸುಲಿದು ಉರಿಯುತ್ತಿದ್ದವು. ಮಗಳು ಮೇಜು ಒರೆಸಿ, ಉಗುಳುವ ಬಟ್ಟಲು ತೊಳೆದಿಟ್ಟು ಕಾಯುತ್ತಿದ್ದಳು. ನಿನ್ನೆ ಬೇಡ ಎಂದ ಅಮ್ಮ ಇವತ್ತು ತಂದೇ ತರುತ್ತಾಳೆ ಎಂಬ ನಂಬಿಕೆ. ತಾಯಿಯ ಬರಿ ಕೈ ನೋಡಿದಳು, ಕೆಂಪು ಬೆರಳು ನೋಡಿದಳು.

“ಹೇಳಿಬಿಟ್ಯಾ?”

“ಹೇಳಿದೆ.”

“ಯಾಕೆ ಹೇಳ್ದೆ? ಯಾರು ಕೇಳಿದ್ರು ನಿನ್ನ?” ಹುಡುಗಿ ಬಟ್ಟಲನ್ನು ನೆಲಕ್ಕೆ ಎಸೆದಳು. “ನಾನು ಹೊಡೆಸ್ಕೊಂಡಿದ್ದು, ಕಳ್ಳಿ ಅನ್ನಿಸ್ಕೊಂಡಿದ್ದು, ಹಲ್ಲು ಹಾಳು ಮಾಡ್ಕೊಂಡಿದ್ದು ಎಲ್ಲ ದಂಡ ಆಯ್ತಲ್ಲ! ಎಲ್ಲ ದಂಡ!”

“ದಂಡ ಆಗ್ಲಿ,” ಎಂದಳು ತಾಯಿ. “ಆಗ್ಲಿ ಮಗಳೇ. ಇನ್ನು ಸಾಕು.”

ಹುಡುಗಿ ನಿಂತಲ್ಲೇ ಗಟ್ಟಿಯಾಗಿ ಅಳತೊಡಗಿದಳು, ಚಿಕ್ಕ ಮಕ್ಕಳ ಹಾಗೆ, ಬಾಯಿ ಅಗಲಕ್ಕೆ ತೆರೆದು. ಮೇಲಿನ ದೀಪದ ಬೆಳಕಿಗೆ ಕ್ಲಿಪ್ಪು, ತಂತಿ, ಅವುಗಳ ಸುತ್ತಲಿನ ಸುಣ್ಣದಂಥ ಕಲೆಗಳು, ಒಂದೂ ಬಿಡದೆ ಎಲ್ಲ ಕಂಡವು. ತಾಯಿ ಹತ್ತಿರ ಹೋಗಿ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. ಒಂದೊಂದೇ ಕಲೆಯನ್ನು ನೋಡಿದಳು.